ಎಣ್ಣೆಗಾಯಿಗೆ ಎಷ್ಟು ಎಣ್ಣೆ

ಅತ್ತೆ ದುರ್ಗವ್ವ ಎಣ್ಣೆಯ ಗಿಂಡಿಯನ್ನು ಬಾಣಲೆಗೆ ಬಗ್ಗಿಸಿದ್ದೇ ತಡ, ಶಾಂಭವಿ ಆಕೆಯ ಮಣಿಕಟ್ಟು ಹಿಡಿದುಬಿಟ್ಟಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆಯ ಕೈಯನ್ನು ಅವಳು ಹೀಗೆ ತಡೆದದ್ದೇ ಇಲ್ಲ.

"ಎರಡ ಚಮಚ ಸಾಕ್ರಿ ಅತ್ತಿ. ಡಾಕ್ಟ್ರು ಏನ್ ಹೇಳ್ಯಾರ, ಕೇಳೀರಲ್ಲ?"

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕಾಡುಗೋಡಿಯ ಫ್ಲ್ಯಾಟಿಗೆ ಮರಳಿದ ಮೇಲೆ ಶಾಂಭವಿಯ ಗಂಡ ವಿಶ್ವನಾಥ್ ಗಂಜಿಯನ್ನೂ ಸಪ್ಪೆ ಪಲ್ಯವನ್ನೂ ದೂರ ಸರಿಸುತ್ತಲೇ ಇದ್ದ. ಮಗ ಸೊರಗುವುದನ್ನು ನೋಡಲಾರದೆ ದುರ್ಗವ್ವ ಇವತ್ತು ಅವನಿಗೆ ಪ್ರಾಣವಾದ ಎಣ್ಣೆಗಾಯಿ ಮಾಡಲು ನಿಂತಿದ್ದಳು. ಶೇಂಗಾ, ಗುರೆಳ್ಳು ತುಂಬಿದ ಬದನೆಕಾಯಿಗಳು ತಟ್ಟೆಯಲ್ಲಿದ್ದವು. ಬಾಣಲೆ ಹೊಗೆಯಾಡತೊಡಗಿತು. ಇನ್ನೇನು ಅತ್ತೆ ಸಿಡಿಯುತ್ತಾಳೆಂದುಕೊಂಡಳು ಶಾಂಭವಿ. ಆದರೂ ಹಿಡಿದ ಕೈ ಬಿಡಲಿಲ್ಲ.

ದುರ್ಗವ್ವ ಸಿಡಿಯಲಿಲ್ಲ. ಗಿಂಡಿಯನ್ನೇ ನೋಡುತ್ತ ಅಂದಳು, "ಸಣ್ಣಾಂವ ಇದ್ದಾಗಿಂದ ಹಿಂಗ ಸುರುವಿ ಸುರುವಿ ಉಣಿಸೇನಿ. ನನ್ನ ಕೈಯಿಂದನ ಅವಗ ಹಿಂಗಾತೇನವಾ?"

ಶಾಂಭವಿ ಕೈ ಬಿಟ್ಟು ಒಲೆ ಸಣ್ಣ ಮಾಡಿದಳು. "ಹಂಗ್ಯಾಕ ಅಂತೀರಿ ಅತ್ತಿ? ಉಂಡಾವ್ರು ನಾವೆಲ್ಲಾ ಅಲ್ಲೇನ್ರಿ?"

ದುರ್ಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಿಂಡಿಯನ್ನು ಸೊಸೆಯ ಕೈಗಿತ್ತಳು.

"ನೀನ ಹಾಕವಾ. ಕಡಿಮಿ ಎಣ್ಯಾಗ ಹೆಂಗ ಬೇಸೂದು, ನನಗೂ ತೋರ್ಸು."