ಹುಳ ಕಚ್ಚಿದ ಸೊಪ್ಪು

ಕೋಲಾರದ ಜಯಸಿಂಹ ಸಾಹೇಬರು ದೊಡ್ಡ ಮನುಷ್ಯರು. ಹಾಗಂತ ಅವರೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು...

ಹಸಿರು ಮಾತ್ರೆ ಮಾರುವುದು ಅವರ ಬಿಸಿನೆಸ್. ಹೋಟೆಲ್ ಹಾಲ್‌ಗಳಲ್ಲಿ ಕೋಟು ತೊಟ್ಟು ಭಾಷಣ ಬಿಗಿಯುತ್ತಿದ್ದರು.

"ಹಸಿರು ಸೊಪ್ಪು ನಿಮ್ಮ ಡಿಎನ್‌ಎಗೆ ರಕ್ಷಾಕವಚ! ಇಪ್ಪತ್ತು ಕಟ್ಟು ಸೊಪ್ಪಿನ ಸಾರ ಈ ಒಂದೇ ಮಾತ್ರೆಯಲ್ಲಿದೆ!"

ಸೊಪ್ಪು ತಿಂದರೆ ಡಿಎನ್‌ಎಗೆ ಆಗುವ ಹಾನಿ ಕಡಿಮೆಯಾಗಬಹುದು ಎಂದಷ್ಟೇ ವಿಜ್ಞಾನಿಗಳು ಹೇಳುವುದು. ಆ 'ಬಹುದು' ಮಾತ್ರ ಸಾಹೇಬರ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ!

ಅವರ ಮಗಳು ಚಾರುಲತಾ ಆರು ತಿಂಗಳ ಬಸುರಿ. ತವರಿಗೆ ಬಂದಿದ್ದಳು. ಏನು ತಿಂದರೂ ವಾಂತಿ... ಅಪ್ಪನ ಮಾತ್ರೆಯಂತೂ ನುಂಗಿದ ಗಳಿಗೆಯಲ್ಲೇ ವಾಪಸ್.

ಮನೆಗೆಲಸದ ಪಿಳ್ಳಮ್ಮ ದಿನಾ ಬೆಳಿಗ್ಗೆ ಅವರ ಲಾನ್ ಅಂಚಿನಲ್ಲಿ ಕೂತು ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪು ಎಲ್ಲ ಕಿತ್ತು ಮಡಿಲು ತುಂಬಿಕೊಳ್ಳುತ್ತಿದ್ದಳು. ಬೆರಕೆ ಸೊಪ್ಪಿನ ಸಾರಿಗೆ.

"ಥೂ! ಎಲ್ಲಾ ಹುಳ ಕಚ್ಚಿ ತೂತು ಬಿದ್ದಿದೆ. ದನ ತಿನ್ನೋದನ್ನ ತಿಂತೀಯಲ್ಲೇ?" ಎಂದು ಸಾಹೇಬರು ಮೂಗು ಮುರಿಯುತ್ತಿದ್ದರು.

ಪಿಳ್ಳಮ್ಮ ನಕ್ಕು ಮತ್ತೆ ಸೊಪ್ಪು ಕೀಳುತ್ತಿದ್ದಳು.

ಒಂದು ಭಾನುವಾರ ಸಂಜೆ ಆ ಕಳೆ ನೋಡಿ ಸಾಹೇಬರ ತಲೆ ಕೆಟ್ಟಿತು. ಕಳೆನಾಶಕ ತಂದು ಲಾನ್ ಅಂಚಿಗೆಲ್ಲ ತಾವೇ ಹೊಡೆದರು.

ಸೊಪ್ಪು ಕೀಳುವವಳಿಗೆ ಒಂದು ಮಾತು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಅವರ ಕಣ್ಣಿಗೆ ಅವಳು ಮನುಷ್ಯಳಾಗಿ ಕಂಡಿದ್ದರೆ ತಾನೆ?

ಮರುದಿನ ಮಧ್ಯಾಹ್ನ ಭಾಷಣ ಮುಗಿಸಿ ಮನೆಗೆ ಬಂದರೆ... ಮಗಳು ಬಿಸಿ ಮುದ್ದೆ ಮುರಿದು, ಸೊಪ್ಪಿನ ಸಾರಲ್ಲಿ ಅದ್ದಿ ಖುಷಿಯಿಂದ ನುಂಗುತ್ತಿದ್ದಾಳೆ!

"ಎಲ್ಲಿಂದ ಬಂತಮ್ಮ ಈ ಸೊಪ್ಪು?"

"ಪಿಳ್ಳಮ್ಮ ಮಾಡಿದ್ದಪ್ಪ... ಬೈತೀರ ಅಂತ ನಿಮಗೆ ಹೇಳಿರಲಿಲ್ಲ. ಒಂದು ತಿಂಗಳಿಂದ ಇದೊಂದೇ ನನ್ನ ಹೊಟ್ಟೇಲಿ ನಿಲ್ಲೋದು. ನಮ್ಮ ಲಾನ್ ಅಂಚಿನದೇ ಸೊಪ್ಪು."

ಸಾಹೇಬರು ಮಗಳ ಕೈಯಿಂದ ತಟ್ಟೆ ಕಿತ್ತುಕೊಂಡರು.

"ಪಿಳ್ಳಮ್ಮಾ! ಅಲ್ಲಿ ವಿಷ ಹೊಡೆದಿದ್ದೆ ಕಣೇ... ನನ್ನ ಮಗಳು... ಅವಳ ಹೊಟ್ಟೇಲಿರೋ ಕೂಸು..."

ಪಾತ್ರೆ ತೊಳೆಯುತ್ತಿದ್ದ ಪಿಳ್ಳಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು.

"ಗೊತ್ತಾಯ್ತು ಬುಡಿ ಸಾಮಿ. ಬೆಳಿಗ್ಗೆ ಕೀಳಾಕೆ ಕೂತ್ರೆ ಎಲೆ ತುದಿಯೆಲ್ಲ ಬಾಡೈತೆ, ಏನೋ ಗಬ್ಬು ವಾಸ್ನೆ. ಎಲೆ ಮ್ಯಾಲೆ ಒಂದು ಹುಳಾನೂ ಇಲ್ಲ. ಹುಳಾನೇ ಒಲ್ಲೆ ಅಂದ ಸೊಪ್ಪ ಬಸುರಿಗೆ ಎಂಗಿಕ್ಕಲಿ? ಕೆರೆ ಅಂಗಳದ ತಂಕ ನಡ್ಕೊಂಡೋಗಿ ಇದನ್ನ ಕಿತ್ಕೊಂಡ್ ಬಂದೆ."

ಸಾಹೇಬರು ಕೋಟು ತೊಟ್ಟೇ ನೆಲದ ಮೇಲೆ ಕುಸಿದು ಗಳಗಳನೆ ಅತ್ತರು.

ಅಳಲಿ ಬಿಡಿ... ಅಷ್ಟು ಕಣ್ಣೀರು ಎಂದೋ ಬರಬೇಕಿತ್ತು.

ಪಿಳ್ಳಮ್ಮ ಬಗ್ಗಿ ಅವರ ಕೈಯಿಂದ ತಟ್ಟೆ ಬಿಡಿಸಿಕೊಂಡಳು.

"ಕೊಡಿ ಸಾಮಿ... ಮಗೀಗೆ ಮುದ್ದೆ ಆರೋಗ್ತೈತೆ."

ಕಾಪಾಡುವ ಗುಣ ಎಲೆಯಲ್ಲಿದ್ದರಷ್ಟೇ ಸಾಲದು... ಅದನ್ನು ಕೀಳುವವರ ಮನಸ್ಸಿನಲ್ಲೂ ಇರಬೇಕು.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಕೂತು ಸೊಪ್ಪು ಸೋಸುವವರ ಮುಖವನ್ನು ನೀವು ಸರಿಯಾಗಿ ನೋಡಿ ಎಷ್ಟು ದಿನವಾಯಿತು?