ಸಮುರಾಯಿಯ ಹಲ್ಲುಕಡ್ಡಿ

ಸಾಲಿನಲ್ಲಿ ನಿಂತವರಿಗೆ ಹಂಚುತ್ತಿದ್ದ ಬುಟ್ಟಿಯ ಕೊನೆಯ ಅನ್ನದುಂಡೆ, ತೋಫು ಎಂಬ ಸೋಯಾ ಗಿಣ್ಣು ಮಾರುವ ಜಿಂಪಾಚಿಯ ಅಂಗೈಗೆ ಬಿತ್ತು. ಬೆಂಕಿ ಬಿದ್ದು ಕೇರಿಯೇ ಸುಟ್ಟು ಎರಡು ದಿನವಾಗಿತ್ತು. ಅವನ ಹಿಂದೆ ಮುದುಕ ಕುರೋಸೆ ನಿಂತಿದ್ದರು. ಕತ್ತಿ, ಜುಟ್ಟು, ಸಂಬಳ ಎಲ್ಲವನ್ನೂ ಸರ್ಕಾರ ಕಿತ್ತುಕೊಂಡ ಮೇಲೂ ಈ ಹಳೆಯ ಸಮುರಾಯಿ, ಉಪವಾಸವಿದ್ದ ದಿನವೇ ಹಲ್ಲುಕಡ್ಡಿ ಕಚ್ಚಿಕೊಂಡು ಉಂಡವರಂತೆ ಬೀದಿಗೆ ಬರುತ್ತಿದ್ದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಈಗ ಜುಟ್ಟೂ ಇಲ್ಲ!" ಎಂದು ಜಿಂಪಾಚಿ ಹತ್ತು ವರ್ಷದಿಂದ ಆಡಿಕೊಂಡು ನಗುತ್ತಿದ್ದ.

"ತಗೊಳ್ಳಿ ಯಜಮಾನ್ರೇ, ಅರ್ಧ ಅರ್ಧ ತಿನ್ನೋಣ," ಎಂದ ಈಗ.

"ನಂದು ಊಟ ಆಯ್ತಪ್ಪಾ." ಕುರೋಸೆ ಹಲ್ಲುಕಡ್ಡಿಯನ್ನು ಬಾಯಿಯ ಆಚೆ ಬದಿಗೆ ಸರಿಸಿ, ಸಾಲಿನ ಕೊನೆಯಲ್ಲಿದ್ದ ಬಾಣಂತಿ ಒತಾಕಿಯ ಕಡೆ ನೋಡಿದರು. ಹಸಿವಿನಿಂದ ಅವರ ಕೆನ್ನೆ ಬತ್ತಿತ್ತು. ಬೆನ್ನು ಮಾತ್ರ ಬಾಗಿರಲಿಲ್ಲ.

ಜಿಂಪಾಚಿ ಉಂಡೆಯನ್ನು ಒಯ್ದು ಒತಾಕಿಯ ಕೈಗಿಟ್ಟ. "ಅಯ್ಯೋ, ನಿಮಗೆ?" ಎಂದಳು ಅವಳು. ಅವನು ಕಾಲಬಳಿಯ ಸುಟ್ಟ ಬಿದಿರಿನಿಂದ ಒಂದು ಸೀಳು ಮುರಿದು ಹಲ್ಲಿನ ನಡುವೆ ಸಿಕ್ಕಿಸಿಕೊಂಡ. "ನಂದೂ ಆಯ್ತು ಕಣಮ್ಮ. ಹೊಟ್ಟೆ ಬಿರಿಯೋ ಹಾಗೆ ತಿಂದಿದೀನಿ."

ಆ ಹೊಟ್ಟೆ ಗುರ್ರೆಂದಿತು. ಯಾರೂ ನಗಲಿಲ್ಲ. ಯಾವ ವ್ಯಾಪಾರಿಗೂ ತಲೆಬಾಗದ ಕುರೋಸೆ, ತೋಫು ಮಾರುವವನಿಗೆ ನಡು ಬಗ್ಗಿಸಿ ವಂದಿಸಿದರು.