ಶ್ರೀಕಂಠನ ಕಸೂತಿ

ಗಂಡ ಶ್ರೀಕಂಠ ಫೋನನ್ನು ಶಾಂಭವಿಯ ಕೈಗೊಪ್ಪಿಸಿ ಕಸೂತಿ ಹಿಡಿದ ಮೇಲೆ, ಅವನ ಉಪದೇಶ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

"ಆ ಡಬ್ಬಿ ಬಿಡ್ರಿ," ಎನ್ನುತ್ತಿದ್ದ ಬಂದವರಿಗೆಲ್ಲ. "ಮನಸ್ಸು ತಣ್ಣಗಾಗತೈತಿ. ಮನೀ ಮಂದಿ ಕಣ್ಣಿಗೆ ಕಾಣ್ತಾರ."

ಪುಟ್ಟ ಮಗಳು ಇಂಚರ ಕವಡೆ ಹಿಡಿದು ಬಂದಳು. "ಅಪ್ಪಾ, ಚೌಕಾಬಾರ ಆಡೂಣ ಬಾ."

"ಏ, ಸುಮ್ನಿರು! ಎಳಿ ಎಣಸಾಕತ್ತೀನಿ, ಲೆಕ್ಕ ತಪ್ಪತೈತಿ."

ಅಪ್ಪನ ಕೆಲಸ ಬೇಗ ಮುಗಿಯಲೆಂದು ಅವಳು ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು ಕಾದಳು. ಅವನು ತಲೆ ಎತ್ತದೆ ಬಟ್ಟೆಯ ಮೇಲೆ ಇನ್ನೊಂದು ಗೋಪುರದ ಚಿತ್ತಾರ ಶುರುಮಾಡಿದ.

"ಏನ್ ಶಾಂತಿನೋ ಪುಣ್ಯಾತ್ಮಂದು!" ಎಂದು ಗೊಣಗುತ್ತ ಶಾಂಭವಿ ಒಳಗೆ ನಡೆದಳು.

ಮಗಳು ಹಿಂದೆಯೇ ಬಂದು ಸೆರಗು ಜಗ್ಗಿದಳು.

"ಅವ್ವಾ, ಅಪ್ಪಗ ಫೋನ್ ವಾಪಸ್ ಕೊಟ್ಟುಬಿಡು. ಅದರ ಚಾರ್ಜ್ ಆದ್ರೂ ಮುಗೀತಿತ್ತು."